ನಾಲ್ಕು ಬಂಡಲ್, ಒಂದು ತುಳು ಮಾತು

ಹುಟ್ಟಿ ಬೆಳೆದದ್ದು ಡೊಂಬಿವಲಿಯಾದರೂ ಅಪ್ಪ ಅವ್ವನಿಂದ ನನಗೆ ಎರಡು ಆಸ್ತಿ ಬಂದಿದ್ದವು: ಧಾರವಾಡದ ಕನ್ನಡ, ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿಲ್ಲದ ಬಾಯಿ. ಎರಡು ಸಾವಿರದ ಆರೋ ಏಳೋ ಇರಬೇಕು, ಆ ಬಾಯನ್ನೇ ನಂಬಿ ಠಾಣೆಯ ಒಬ್ಬ ಜಾಹೀರಾತು ಏಜೆಂಟ್ ನನ್ನನ್ನು ಕೆಲಸಕ್ಕೆ ಇಟ್ಟುಕೊಂಡ. ಕರಪತ್ರ ಅಚ್ಚು ಹಾಕಿಸಿ, ಬೆಳಗಿನ ಪೇಪರಿನೊಳಗೆ ಸೇರಿಸಿ, ಮನೆಮನೆಗೆ ಮುಟ್ಟಿಸುವುದು ನಮ್ಮ ವ್ಯಾಪಾರ. ಮುಟ್ಟಿಸುತ್ತೇವೆ ಎಂದು ಗಿರಾಕಿಗೆ ಹೇಳುವುದು ನನ್ನ ಪಾಲಿನ ಕೆಲಸ. ಮುಟ್ಟಿತೇ ಎಂದು ಯಾರೂ ತಿರುಗಿ ಕೇಳುತ್ತಿರಲಿಲ್ಲ.

ನನ್ನ ಮೊದಲ ದೊಡ್ಡ ಗಿರಾಕಿ ವರ್ತಕ ನಗರದ ಒಂದು ಉಡುಪಿ ಹೋಟೆಲಿನ ಯಜಮಾನರು. ಗಲ್ಲಾದಲ್ಲಿ ಅವರ ಹೆಂಡತಿ ಕೂರುತ್ತಿದ್ದರು. ಊಟಕ್ಕೆ ಬಂದವರ ಜೊತೆ ಮರಾಠಿ, ಅಡುಗೆಮನೆಯ ಕಡೆಗೆ ಹಿಂದಿ, ನನ್ನ ಜೊತೆ ಕನ್ನಡ, ಗಂಡ ಹೆಂಡತಿಯ ನಡುವೆ ಮಾತ್ರ ತುಳು. ನನಗೆ ತುಳು ಬರುತ್ತಿರಲಿಲ್ಲ. ಆದರೂ ಕನ್ನಡದವನಿಗೆ ಅದೇನು ಮಹಾ ಎಂಬ ಜಂಬವಿತ್ತು.

ಮೇಲ್ಮಹಡಿಯಲ್ಲಿ ಹೊಸ ಎಸಿ ಕೋಣೆ ತೆರೆದಾಗ ಅವರು ಹತ್ತು ಸಾವಿರ ಕರಪತ್ರಕ್ಕೆ ಆರ್ಡರ್ ಕೊಟ್ಟರು. ಪೇಪರ್ ಹಂಚುವವರ ಎದುರಿಗೇ ನಿಂತು ಒಂದೊಂದನ್ನೂ ಹಾಕಿಸುತ್ತೇನೆ ಎಂದು ಎದೆ ತಟ್ಟಿ ಹೇಳಿದೆ. ಮೊದಲ ದಿನ ನಿಜವಾಗಿಯೂ ನಿಂತೆ. ಎರಡನೆಯ ದಿನ ಅಲಾರಾಂ ಹೊಡೆದಾಗ ಮಗ್ಗಲು ಬದಲಿಸಿದೆ. ವಾರದ ಮೇಲೆ ಠಾಣೆ ಸ್ಟೇಷನ್ ಹತ್ತಿರದ ರದ್ದಿ ಅಂಗಡಿಯ ಮುಂದೆ ಹಾದುಹೋಗುವಾಗ, ತಕ್ಕಡಿಯ ಮೇಲೆ ನಮ್ಮ ಕರಪತ್ರದ ನಾಲ್ಕು ಬಂಡಲ್ ಕೂತಿದ್ದವು. ಸುತಳಿ ಕೂಡ ಬಿಚ್ಚಿರಲಿಲ್ಲ. ಪೇಪರ್ ಹಂಚುವವರು ಸೇರಿಸುವ ಕಷ್ಟವೇ ಬೇಡವೆಂದು ತೂಕಕ್ಕೆ ಹಾಕಿಬಿಟ್ಟಿದ್ದರು. ನಾನು ಕಂಡೂ ಕಾಣದವನಂತೆ ನಡೆದೆ.

ಮೇಲ್ಮಹಡಿ ಮಾತ್ರ ದಿನಾ ತುಂಬುತ್ತಿತ್ತು. ಮೇ ತಿಂಗಳ ಸೆಕೆಗೆ ಎಸಿ ಹುಡುಕಿಕೊಂಡು ಜನ ಬರುತ್ತಿದ್ದರು. ಅದು ನಮ್ಮ ಕರಪತ್ರದ ಪ್ರತಾಪ ಎಂದು ಯಜಮಾನರು ತಿಳಿದರು, ನಾನು ತಿದ್ದಲಿಲ್ಲ.

ಅಷ್ಟರಲ್ಲಿ ಅವರು ನೆರೂಳಿನಲ್ಲಿ ಎರಡನೆಯ ಹೋಟೆಲ್ ತೆರೆಯಲು ಹೊರಟರು. ಆ ಆರ್ಡರ್ ತಂದರೆ ನೌಕರಿ ಪಕ್ಕಾ, ಇಲ್ಲದಿದ್ದರೆ ಬೇರೆ ಕಡೆ ನೋಡಿಕೋ ಎಂದು ಏಜೆಂಟ್ ಹೇಳಿದ. ಮನೆಯಲ್ಲಿ ನನ್ನ ಮದುವೆಯ ಮಾತು ನಡೆದಿತ್ತು, ಹೆಣ್ಣಿನ ಕಡೆಯವರಿಗೆ ಅವ್ವ ಆಗಲೇ ನನ್ನನ್ನು ಆಫೀಸರ್ ಮಾಡಿ ಹೇಳಿಬಿಟ್ಟಿದ್ದಳು. ಇಪ್ಪತ್ತು ಸಾವಿರ ಮನೆಗಳಿಗೆ ತಲುಪುವ ಗ್ಯಾರಂಟಿ ಎಂದು ದಪ್ಪಕ್ಷರದಲ್ಲಿ ಟೈಪ್ ಮಾಡಿಸಿದ ಕೊಟೇಶನ್ ಹಿಡಿದು ಹೋದೆ.

ಯಜಮಾನರು ಅದನ್ನು ಓದಿ ಹೆಂಡತಿಗೆ ಕೊಟ್ಟು, ತುಳುವಿನಲ್ಲಿ ಏನೋ ಕೇಳಿದರು. ಆಕೆ ಕಾಗದದ ಮೇಲೆ ಕಣ್ಣಾಡಿಸಿ ನನ್ನ ಮುಖ ನೋಡಿ, ಒಂದೇ ಮಾತು ಅಂದರು.

"ತೂಕ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಾನು ಅಷ್ಟಕ್ಕೇ ನಿಲ್ಲಲಿಲ್ಲ.

"ಅಕ್ಕಾರ, ತೂಕ ಎಷ್ಟ ಬಂತು ನಾ ಖರೇನ ನೋಡಿಲ್ರಿ. ಆದ್ರ ನಾಲ್ಕ ಬಂಡಲ್ ರದ್ದಿಗಿ ಹೋಗಿದ್ದು ಖರೇ ಅದ. ನಾ ಅವತ್ತ ಮಲಕೊಂಡಬಿಟ್ಟಿದ್ದೆ."

ಇಬ್ಬರೂ ನನ್ನನ್ನೇ ನೋಡಿದರು. ಬಂಡಲ್ ಯಾವುದು, ರದ್ದಿ ಎಲ್ಲಿಯದು ಎಂದು ಯಜಮಾನರು ಒಂದೊಂದಾಗಿ ಕೇಳಿದರು. ನಾನು ರದ್ದಿ ಅಂಗಡಿಯಿಂದ ಮೇ ತಿಂಗಳ ಸೆಕೆಯವರೆಗೆ ಎಲ್ಲವನ್ನೂ ಒದರಿದೆ. ಅಷ್ಟಾದ ಮೇಲೆ ಆಕೆ ಬಾಯಿಗೆ ಸೆರಗು ಹಿಡಿದು ನಗುತ್ತ, ತುಳುವಿನಲ್ಲಿ ತೂಕ ಎಂದರೆ 'ನೋಡೋಣ' ಎಂದಷ್ಟೇ ಅರ್ಥ ಎಂದು ತಿಳಿಸಿದರು. ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು.

ಯಜಮಾನರು ನಗಲಿಲ್ಲ.

"ಇವಳು ಹಾಗೆ ಹೇಳದಿದ್ರೆ ನೀವು ನಮಗೆ ಇದನ್ನು ಹೇಳ್ತಿದ್ರಾ?"

ಹೌದು ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಅವರು ನನ್ನನ್ನು ಅಷ್ಟು ದಿನ ನಂಬಿದ್ದರೆಂಬುದು ಆಗ ನಾಚಿಕೆ ಹುಟ್ಟಿಸಿತು.

"ಇಲ್ರಿ," ಎಂದೆ.

ಅವರು ಕೊಟೇಶನ್ನನ್ನು ನನ್ನ ಕಡೆ ತಿರುಗಿಸಿ, ಜೇಬಿನ ಪೆನ್ನು ತೆಗೆದು ಮೇಲಿಟ್ಟರು.

"ಗ್ಯಾರಂಟಿ ಹೊಡೆದು ಹಾಕಿ ಮಾರಾಯ್ರೆ. ನಿಮ್ಮಿಂದ ಆಗುದು ಎಷ್ಟೋ ಅಷ್ಟೇ ಬರೀರಿ."

ಗೀಟು ಎಳೆದದ್ದೇನೋ ಸುಲಭವಾಯಿತು. ಎರಡು ವರ್ಷ ಊರಿಗೆಲ್ಲ ಕೊಟೇಶನ್ ಕೊಟ್ಟವನಿಗೆ ಅದರ ಕೆಳಗೆ ಏನು ಬರೆಯಬೇಕೆಂದೇ ತೋಚಲಿಲ್ಲ. ನನ್ನಿಂದ ಎಷ್ಟಾಗುತ್ತದೆ ಎಂದು ಅಲ್ಲಿಯವರೆಗೆ ನನ್ನನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಆಕೆ ತರಿಸಿಕೊಟ್ಟ ಕಾಫಿ ಆರಿಹೋಯಿತು. ಕೊನೆಗೆ 'ಮೂರು ಸಾವಿರ ಮನೆ' ಎಂದು ಬರೆದು, ನಾಚಿಕೊಂಡೇ ಅವರ ಕಡೆ ಸರಿಸಿದೆ. ಅವರು ಅದನ್ನು ಎರಡು ಸಲ ಓದಿ, ಸಹಿ ಹಾಕಿದರು.