ಮೈದುನನ ಮನೆಯ ಗಾಳಿ

ಜಗಳೂರಿನಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಊರೊಂದರಲ್ಲಿ ದುರುಗಕ್ಕ ರವಿಕೆ ಹೊಲಿಯುತ್ತಾಳೆ. ಹೊಲಿಗೆ ಮಿಶನ್ನು ಗಂಡ ಓಬಣ್ಣನದು. ಬಟ್ಟೆಗೆ ಧೂಳು ಕೂರಬಾರದೆಂದು ಅವನು ಒಳಕೋಣೆಯ ಬಾಗಿಲು ಹಾಕಿಕೊಂಡೇ ದಿನವಿಡೀ ಹೊಲಿಯುತ್ತಿದ್ದ. ಬೀಡಿ ಮುಟ್ಟಿದವನಲ್ಲ, ಆದರೂ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡ.

ತಿಥಿಯ ದಿನ ನೆಂಟರ ನಡುವೆ ಕೂತು ಮೈದುನ ತಿಪ್ಪೇಶಪ್ಪ, "ಅಂಥ ರೋಗ ಸುಮ್ನೆ ಬರತೈತೇನು? ಅಣ್ಣ ಕದ್ದು ಬೀಡಿ ಸೇದ್ತಿದ್ದ. ಅತ್ತಿಗೇನೇ ತಂದುಕೊಡ್ತಿದ್ರು," ಎಂದ. ಮಾತು ಊರು ತುಂಬಿತು. ರವಿಕೆಯ ಅಳತೆ ಕೊಡಲು ಬಂದ ಹೆಂಗಸರು ಸಹ ಕೋಣೆಯಲ್ಲಿ ಬೀಡಿಯ ವಾಸನೆ ಹುಡುಕಿದರು. ದುರುಗಕ್ಕ ಹಲ್ಲು ಕಚ್ಚಿಕೊಂಡು ಸಮಯ ಕಾದಳು.

ಮರುವರ್ಷ ಕಾಲೇಜಿನಿಂದ ಅರ್ಪಿತಾ ಎಂಬ ಹುಡುಗಿ ಮನೆಗಳ ಗಾಳಿ ಪರೀಕ್ಷಿಸಲು ಬಂದಳು. ನೆಲದಡಿಯ ಕಲ್ಲುಮಣ್ಣಿನಿಂದ ರೇಡಾನ್ ಎಂಬ ಅನಿಲ ಮೇಲೇಳುತ್ತದೆ, ಕಣ್ಣಿಗೆ ಕಾಣದು, ಮೂಗಿಗೂ ತಿಳಿಯದು, ಮುಚ್ಚಿದ ಕೋಣೆಯಲ್ಲಿ ತುಂಬಿಕೊಂಡು ಶ್ವಾಸಕೋಶ ಕೆಡಿಸುತ್ತದೆ ಎಂದಳು. ಅದನ್ನು ಅಳೆಯುವ ಪುಟ್ಟ ಡಬ್ಬಿಗಳನ್ನು ಮನೆಮನೆಗೆ ಕೊಟ್ಟು, ಮೂರು ತಿಂಗಳು ಮಲಗುವ ಕೋಣೆಯಲ್ಲಿ ತೂಗುಹಾಕಲು ಹೇಳಿದಳು. ತಿಪ್ಪೇಶಪ್ಪ, ಡಬ್ಬಿಯೊಳಗೆ ಕ್ಯಾಮೆರಾ ಇದ್ದೀತೆಂದು, ತನ್ನದನ್ನು ಬಯಲಿನ ಕುರಿಹಟ್ಟಿಯ ಗೂಟಕ್ಕೆ ಸಿಕ್ಕಿಸಿದ. ಪಕ್ಕದ ಮನೆಯಲ್ಲೇ ಇದ್ದ ದುರುಗಕ್ಕ ಅದನ್ನು ಅಂಗಳದ ಗೋಡೆಯಾಚೆಯಿಂದ ನೋಡಿದಳು.

ಊರಿನಲ್ಲೆಲ್ಲ ಹೆಚ್ಚು ಅಂಕಿ ಬಂದದ್ದು ಓಬಣ್ಣನ ಕೋಣೆಗೇ. ಸಾವು ಇದರಿಂದಲೇ ಆಯಿತೆಂದು ಖಚಿತವಾಗಿ ಹೇಳಲಾಗದು, ಆಗಿರಲೂಬಹುದು ಎಂದಳು ಅರ್ಪಿತಾ. ಅವಳು ಹೇಳಿದಂತೆ ದುರುಗಕ್ಕ ನೆಲದ ಬಿರುಕು ಮುಚ್ಚಿಸಿ, ಕಿಟಕಿ ಇಡಿಸಿದಳು. ತಿಪ್ಪೇಶಪ್ಪನಿಗೆ ಬಂದದ್ದು ಕಡಿಮೆ ಅಂಕಿ. ತಮ್ಮ ಮನೆಯ ಗಾಳಿ ಚೊಕ್ಕವೆಂದು ಹೇಳಿಕೊಂಡು ತಿರುಗಿದ. ಒಂದೇ ಮನೆಗೆ ನಡುವೆ ಗೋಡೆ ಎಬ್ಬಿಸಿ ಅಣ್ಣತಮ್ಮ ಪಾಲಾಗಿದ್ದರು. ಎರಡೂ ಕಡೆ ಅದೇ ನೆಲ, ಅದೇ ಬಿರುಕು. ಡಬ್ಬಿ ಕುರಿಹಟ್ಟಿಯಲ್ಲಿ ತೂಗಿದ್ದನ್ನು ದುರುಗಕ್ಕ ಯಾರಿಗೂ ಹೇಳಲಿಲ್ಲ. ಮಲಗಲಿ ಅಲ್ಲೇ, ಎಂದುಕೊಂಡಳು.

ಆದರೆ ಅವನ ಹೆಂಡತಿ ಪುಷ್ಪಾ, ಓಬಣ್ಣ ಹಾಸಿಗೆ ಹಿಡಿದಾಗ ಗಂಜಿ ಕುಡಿಸಿದವಳು. ದುರುಗಕ್ಕ ಅವಳನ್ನು ಕರೆದು, "ನೀನು ಹೊರಗಿನ ಪಡಸಾಲೆಯಾಗೆ ಮಲಗು. ಅವನಿಗೆ ಹೇಳಬ್ಯಾಡ," ಎಂದು ಕಾರಣ ತಿಳಿಸಿದಳು. ಪುಷ್ಪಾ ಸಂಜೆಯೊಳಗೆ ಗಂಡನಿಗೆ ಹೇಳಿಬಿಟ್ಟಳು.

ತಿಪ್ಪೇಶಪ್ಪ ಮುಖ ಇಳಿಬಿಟ್ಟುಕೊಂಡು ಬಂದ. "ಅತ್ತಿಗೆ, ಆ ಹುಡುಗಿಗೆ ಫೋನ್ ಮಾಡ್ರಿ. ಇನ್ನೊಂದು ಡಬ್ಬಿ ಬೇಕು."

"ಮಾಡ್ತೀನಿ. ಮೊದ್ಲು ಆ ಬೀಡಿ ಮಾತು ಯಾರ ಮುಂದೆ ಅಂದಿದ್ಯೋ ಅವರ ಮುಂದೇನೇ ಸುಳ್ಳು ಅಂತ ಹೇಳು."

ಓಬಣ್ಣನಿಗೆ ಎಡೆಯಿಡುವ ದಿನ ಅದೇ ನೆಂಟರು ಸೇರಿದರು. ಅಣ್ಣ ಬೀಡಿ ಸೇದುತ್ತಿರಲಿಲ್ಲ ಎಂದು ತಿಪ್ಪೇಶಪ್ಪ ತಲೆ ತಗ್ಗಿಸಿ ಹೇಳಿದ.

"ನಾನು ತಂದುಕೊಡ್ತಿದ್ದೆ ಅಂದಿದ್ಯಲ್ಲ, ಅದು?" ಎಂದಳು ದುರುಗಕ್ಕ.

ಅದೂ ಸುಳ್ಳೆಂದ. ಹಿರಿಯರೊಬ್ಬರು ಸಾಕು ಬಿಡವ್ವ ಎಂದರು. ಅವಳಿಗೆ ಸಾಕಾಗಿರಲಿಲ್ಲ. ಆದರೂ ಮಾತಿಗೆ ತಪ್ಪದೆ ಫೋನ್ ಮಾಡಿದಳು.

ಮಲಗುವ ಕೋಣೆಯಲ್ಲಿ ತೂಗಿದ ಹೊಸ ಡಬ್ಬಿಯ ಫಲಿತಾಂಶ ಬರುವವರೆಗೆ ತಿಪ್ಪೇಶಪ್ಪ ಅಂಗಳದಲ್ಲೇ ಮಲಗಿದ. ಸಣ್ಣ ಕೆಮ್ಮು ಬಂದರೂ ಎದೆ ಹಿಡಿದುಕೊಂಡು ಕೂರುತ್ತಿದ್ದ. ಗೋಡೆಯಾಚೆ ದುರುಗಕ್ಕ ಮಿಶನ್ನು ನಿಲ್ಲಿಸಿ ಆ ಕೆಮ್ಮು ಕೇಳುತ್ತಿದ್ದಳು. ಗಂಡ ಹೋದಮೇಲೆ ಅಷ್ಟು ಹಾಯೆನಿಸಿದ್ದು ಆಗಲೇ. ಅಂಕಿ ಓಬಣ್ಣನ ಕೋಣೆಗೆ ಮೊದಲು ಬಂದಷ್ಟೇ ಬಂತು. ಅವನೂ ಹೊರಗೋಡೆ ಒಡೆಸಿ ಕಿಟಕಿ ಇಡಿಸಿದ.

ಇನ್ನಾದರೂ ನಮ್ಮನೆಗೆ ಬರಬೇಕಕ್ಕ ಎಂದು ಪುಷ್ಪಾ ಒಂದು ದಿನ ಕರೆದಳು.

"ನೀನೇ ಇಲ್ಲಿಗೆ ಬಾ," ಎಂದು ದುರುಗಕ್ಕ ಸೂಜಿಗೆ ದಾರ ಪೋಣಿಸಿದಳು.