ಹಳದಿಯಾಗದ ಸೀಸೆಗಳು

ನನ್ನ ಸೋದರತ್ತೆಯ ಹೆಪ್ಪಿಗೆ ಹೊನ್ನಾಳಿಯ ನಮ್ಮ ಓಣಿಯಲ್ಲೆಲ್ಲ ಹೆಸರಿತ್ತು. ಮೊಸರು ಕೆಟ್ಟವರು ಬಟ್ಟಲು ಹಿಡಿದು ಬರುತ್ತಿದ್ದರು. ದೀಪ ಹಚ್ಚಿದ ಮೇಲೆ ಬಂದವರಿಗೆ ಮಾತ್ರ ಬರಿಗೈ. ಆ ಹೆಪ್ಪು ಒಮ್ಮೆ ನನ್ನ ಸಂಶೋಧನೆಗೂ ಬಿತ್ತು.

ಎಂಬತ್ತರ ದಶಕದ ಆರಂಭ. ದಾವಣಗೆರೆಯ ಕಾಲೇಜಿನಲ್ಲಿ ನಾನೊಂದು ಬೂಷ್ಟು ಬೆಳೆಸುತ್ತಿದ್ದೆ. ಅದು ಪ್ಯೂರಿನ್ ಎಂಬ ವಸ್ತುವಿನಿಂದ ಬಿ-ಎರಡು ವಿಟಮಿನ್ ತಯಾರಿಸಿ, ಸೀಸೆಯ ನೀರನ್ನೆಲ್ಲ ಅರಿಸಿನದ ಬಣ್ಣ ಮಾಡುತ್ತದೆ. ಪ್ಯೂರಿನ್‌ನಂತೆಯೇ ಇರುವ ನಕಲಿ ವಸ್ತು ಬೆರೆಸಿದರೆ ಬೂಷ್ಟು ಮೋಸಹೋಗುತ್ತದೆ: ಬೆಳೆಯುತ್ತದೆ, ವಿಟಮಿನ್ ಮಾತ್ರ ಮಾಡುವುದಿಲ್ಲ. ನನ್ನ ಮೇಷ್ಟ್ರು ಇದನ್ನು ನಂಬಲಿಲ್ಲ.

"ನೀವು ಬಿತ್ತಿದ ಬೂಷ್ಟೇ ಸತ್ವ ಇಲ್ಲದ್ದು ಕಣ್ರೀ. ಅಲ್ಲ ಅಂತ ತೋರಿಸಿ, ಇಲ್ಲಾಂದ್ರೆ ವಿಷಯ ಬದಲಾಯಿಸಿ."

ಎರಡು ವರ್ಷದ ದುಡಿಮೆ ನೀರುಪಾಲಾಗುವುದೇ! ಅಷ್ಟರಲ್ಲಿ ಮುಷ್ಕರವಾಗಿ ಕಾಲೇಜಿಗೆ ಬೀಗ ಬಿತ್ತು. ಸೀಸೆಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಊರಿನ ಬಸ್ ಹತ್ತಿದೆ. ನಡುಮನೆಯ ಗೂಡಿನಲ್ಲಿ ಎರಡು ಸೀಸೆ ಹಳದಿಯಾದವು, ನಕಲಿ ಬೆರೆಸಿದ ಎರಡು ಬೆಳ್ಳಗೇ ಉಳಿದವು.

ಒಂದು ಬೆಳಿಗ್ಗೆ ನೋಡುತ್ತೇನೆ, ಅತ್ತೆ ಚಮಚ ಹಿಡಿದು ಅಲ್ಲೇ ನಿಂತಿದ್ದಾರೆ.

"ಅಯ್ಯಯ್ಯೋ, ಏನ್ ಮಾಡಿದ್ರಿ ಅತ್ತೆ?"

"ಬಿಳೇವು ಹುಳಿ ಹತ್ತೇ ಇಲ್ಲ ಕಣೆ. ಹಳದಿದ್ರಾಗಿಂದ ಒಂದೊಂದು ಚಮಚ ಹೆಪ್ಪು ಹಾಕೀನಿ. ಹೆಂಗೆ ಹಳದಿ ಆಗ್ತಾವೆ ನೋಡ್ತಿರು!"

"ನಿಮ್ಮ ಹೆಪ್ಪಿಗಿಷ್ಟು ಬೆಂಕಿ ಹಾಕ!" ಎಂದು ಕೂಗಿ ಅತ್ತುಬಿಟ್ಟೆ. ಅತ್ತೆ ಮುಖ ಊದಿಸಿಕೊಂಡು ಮಾತು ಬಿಟ್ಟರು. ಆದರೂ ದಿನಾ ಎದ್ದ ಕೂಡಲೇ ಇಬ್ಬರೂ ಗೂಡಿನತ್ತಲೇ ಓಡುತ್ತಿದ್ದೆವು. ಹೆಪ್ಪು ಹಾಕಿದ ಸೀಸೆಗಳಲ್ಲಿ ಬೂಷ್ಟು ದಪ್ಪಗೆ ಬೆಳೆಯಿತು. ಹಳದಿ ಮಾತ್ರ ಏರಲೇ ಇಲ್ಲ.

ಕೊನೆಗೆ ಅತ್ತೆಯೇ ಮೌನ ಮುರಿದರು. "ನನ್ ಹೆಪ್ಪು ಒಂದಿನಾನೂ ಸೋತಿಲ್ಲ. ಈ ಸೀಸೆದಾಗೇ ಏನೋ ಐತೆ."

ಸೀಸೆಗಳತ್ತ ಮತ್ತೆ ತಿರುಗಿ ನೋಡಿದೆ. ಚೆನ್ನಾಗಿ ಹಳದಿ ಮಾಡುತ್ತಿದ್ದ ಬೂಷ್ಟೇ ಇಲ್ಲಿ ಬಂದು ಕೈಚೆಲ್ಲಿತ್ತು! ಅಂದರೆ ತಪ್ಪು ಬೂಷ್ಟಿನದಲ್ಲ, ಕೆಲಸವೆಲ್ಲ ನಕಲಿಯದು. ಅತ್ತೆಯನ್ನು ಗಟ್ಟಿಯಾಗಿ ತಬ್ಬಿಕೊಂಡೆ. ಅವರಿಗೆ ಏನೂ ಅರ್ಥವಾಗಲಿಲ್ಲ.

ಕಾಲೇಜು ತೆರೆದಾಗ ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಡುಗೆಮನೆ ಚಮಚ ಲೆಕ್ಕಕ್ಕಿಲ್ಲ. ಅದನ್ನೇ ಇಲ್ಲಿ ಶುದ್ಧವಾಗಿ ಮಾಡಿ" ಎಂದರು. ಮಾಡಿದೆ. ಬಿಳಿ ಬಿಳಿಯಾಗಿಯೇ ಉಳಿಯಿತು, ನನ್ನ ವಿಷಯವೂ ಉಳಿಯಿತು.

ಪೇಡೆ ತೆಗೆದುಕೊಂಡು ಊರಿಗೆ ಓಡಿದೆ. ಅತ್ತೆ ಒಂದನ್ನು ಬಾಯಿಗೆ ಹಾಕಿಕೊಂಡು, ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದರು.

"ನೀ ಗೆದ್ದೆ, ಭಾಳ ಸಂತೋಷ. ನನ್ ಹೆಪ್ಪು ಸೋತಿದ್ದು ಮಾತ್ರ ಓಣ್ಯಾಗೆ ಯಾರಿಗೂ ಹೇಳಬ್ಯಾಡ."

ಅವರು ಇರುವ ತನಕ ಹೇಳಲಿಲ್ಲ.