ಬದುವಿನ ಮೇಲೆ ನಡೆದವಳು

ನೀವು ಖಂಡಿಸಲು ಹೊರಟ ಆಟವನ್ನು ನೀವೇ ಒಮ್ಮೆಯಾದರೂ ಆಡಿದ್ದೀರಾ?

ನಾನು ಆಡಿರಲಿಲ್ಲ. ಮುದ್ದೇಬಿಹಾಳದ ಕಾಲೇಜೊಂದರ ಪಾಲಕರ ಸಭೆಯಲ್ಲಿ, ಹುಡುಗಿಯರ ವಸತಿನಿಲಯದಲ್ಲಿ ಮೊಬೈಲಿನ ಯುದ್ಧದಾಟಗಳನ್ನು ನಿಷೇಧಿಸಬೇಕೆಂಬ ಠರಾವನ್ನು ನಾನೇ ಮಂಡಿಸುವವಳಿದ್ದೆ. ಎದುರು ಪಕ್ಷದ ವಾದವನ್ನು ಅರಿಯದೆ ವೇದಿಕೆ ಹತ್ತಬಾರದೆಂಬುದು ಚರ್ಚಾಸ್ಪರ್ಧೆಗಳು ನನಗೆ ಕಲಿಸಿದ ಮೊದಲ ಪಾಠ. ಸಭೆಯ ಹಿಂದಿನ ದಿನ ರವಿವಾರ. ಅದೇ ವಸತಿನಿಲಯದಲ್ಲಿರುವ, ಇಲ್ಲಿ ನಾನೇ ಪಾಲಕಿಯಾಗಿರುವ ಅಕ್ಕನ ಮಗಳು ಊಟಕ್ಕೆ ಬಂದಿದ್ದಳು. ಆಟ ಕಲಿಸೆಂದೆ.

"ನೀನ ಬಂದ್ ಮಾಡಸಾಕ ಹೊಂಟೀದಿ, ನಿನಗ ಕಲಸಬೇಕು? ಇರ್ಲಿ, ಕೂಡು ಚಿಗವ್ವ."

ಪಿಯುಸಿಯಲ್ಲಿ ಅವಳ ಜೊತೆ ಓದಿದ ಮೂವರು ಈಗ ಇಂಡಿ, ಸಿಂದಗಿ, ಬಸವನ ಬಾಗೇವಾಡಿಗಳಲ್ಲಿದ್ದಾರೆ. ಪ್ರತಿ ಸಂಜೆ ಅರ್ಧ ತಾಸು ನಾಲ್ವರೂ ಒಂದಾಗುವುದು ಈ ಆಟದಲ್ಲಿ ಮಾತ್ರ. ಠರಾವು ಪಾಸಾದರೆ ಅದು ಮುಗಿಯುತ್ತಿತ್ತು.

ಅವಳು ಗೆಳತಿಯರನ್ನು ಆಟದೊಳಗೆ ಕರೆದು, ತನ್ನ ಬದಲು ಆಡೆಂದು ಮೊಬೈಲನ್ನು ನನ್ನ ಕೈಗಿತ್ತಳು. ನೂರು ಜನ ವಿಮಾನದಿಂದ ದ್ವೀಪವೊಂದಕ್ಕೆ ಜಿಗಿಯುತ್ತಾರೆ. ಕೊನೆಗೆ ಉಳಿದ ತಂಡ ಗೆಲ್ಲುತ್ತದೆ.

"ಮಂದಿ ಭಾಳ ಇದ್ದಲ್ಲಿ ಇಳೀಬ್ಯಾಡ. ಇಳದ ಕೂಡಲೇ ಬಂದೂಕು ಹುಡುಕು, ಆಮ್ಯಾಲ ಹೆಲ್ಮೆಟ್. ಹೆಜ್ಜಿ ಸಪ್ಪಳಕ್ಕ ಕಿವಿ ಕೊಡು. ನಕಾಶದಾಗಿನ ಬಿಳಿ ವರ್ತುಲ ಸಣ್ಣ ಆಗ್ಕೋತ ಹೊಕ್ಕೈತಿ, ಅದರೊಳಗ ಇರು. ಹೊರಗ ಉಳದ್ರ ಜೀವ ಸೋರ್ತೈತಿ."

ವರ್ತುಲದತ್ತ ನಡೆದೆ. ಎದುರಿಗೆ ಬೆಳೆದು ನಿಂತ ಗೋಧಿಯ ಹೊಲ. ಮಸೂತಿ ಎಂಬ ಹಳ್ಳಿಯ ಒಕ್ಕಲು ಮನೆಯಲ್ಲಿ ಬೆಳೆದ ನನ್ನ ಕಾಲು ತಾನಾಗಿ ಬದು ಹಿಡಿಯಿತು. ಎತ್ತರದ ಬದುವಿನ ಮೇಲೆ ಎಲ್ಲರ ಕಣ್ಣಿಗೂ ಕಾಣುವಂತೆ ಸುತ್ತು ಹಾಕಿದೆ. ಗುಂಡು ತಗುಲಿತು.

"ಹೊಲದಾಗ ಬಗ್ಗಿ ಹೋಗೂದು ಬಿಟ್ಟು ಬದುವಿನ ಮ್ಯಾಲ ಯಾಕ ಹೊಂಟಿ?" ಪಕ್ಕದಲ್ಲಿದ್ದ ಅಕ್ಕನ ಮಗಳು ಕೇಳಿದಳು.

"ಬೆಳಿ ನಿಂತೈತಲ್ಲ."

ಮೊಬೈಲಿನೊಳಗೆ ಸಿಂದಗಿಯವಳು ನಕ್ಕಳು. "ಚಿಗವ್ವಾರು ಬೆಳಿ ಉಳಸಿದ್ರು, ಜೀವ ಕಳಕೊಂಡ್ರು."

ಈ ಆಟದಲ್ಲಿ ಬಿದ್ದವರು ಕೂಡಲೇ ಸಾಯುವುದಿಲ್ಲ. ತಂಡದವರೊಬ್ಬರು ಬಂದು ಕೆಲವು ಕ್ಷಣ ಪಕ್ಕದಲ್ಲಿ ಕುಳಿತರೆ ಏಳಬಹುದು. ಆ ಕ್ಷಣಗಳಲ್ಲಿ ಬಂದವರೂ ಗುಂಡಿಗೆ ಗುರಿ. ಗೆಳತಿಯರು ಮೂವರೂ ಆಗಲೇ ವರ್ತುಲದೊಳಗೆ ಸುರಕ್ಷಿತರಾಗಿದ್ದರು.

"ಬಿಟ್ಟುಬಿಡ್ರವಾ. ನಾಳೆ ನಿಮ್ಮ ಆಟ ಬಂದ್ ಮಾಡಸಾಕಿ ನಾನು," ಎಂದೆ.

"ಗೊತ್ತೈತ್ರಿ," ಎಂದಳು ಇಂಡಿಯವಳು. "ಹೊಲದ ಅಂಚಿನ ಗ್ವಾಡಿ ಹಿಂದ ತೆವಳಿ ಬರ್ರಿ. ಬಯಲಾಗ ಎಬ್ಬಸಾಕ ಬರಂಗಿಲ್ಲ."

ನಾನು ಗೋಡೆಯ ಹಿಂದೆ ತೆವಳಿದೆ. ಹೊಗೆಬಾಂಬು ಎಸೆದು, ಆ ಮರೆಯಲ್ಲಿ ಅವಳು ಓಡಿಬಂದಳು. ನಾನು ಎದ್ದೆ, ಅವಳು ಗುಂಡಿಗೆ ಉರುಳಿದಳು. ಎಬ್ಬಿಸುವ ಕ್ರಮ ತಿಳಿಯದೆ ನಾನು ತಡಕಾಡುತ್ತಿರುವಾಗಲೇ ಅವಳ ಆಟ ಮುಗಿಯಿತು.

"ನನ್ನದಾತು. ನೀವು ನಡ್ರಿ, ನಿಲ್ಲಬ್ಯಾಡ್ರಿ," ಎಂಬ ಧ್ವನಿಯಲ್ಲಿ ಬೇಸರದ ಲೇಶವೂ ಇರಲಿಲ್ಲ.

ಎಷ್ಟು ವರ್ಷ ಎಷ್ಟು ವೇದಿಕೆಗಳಲ್ಲಿ ಸಹಬಾಳ್ವೆಯನ್ನು ಕುರಿತು ವಾದಿಸಿದ್ದೇನೆ! ಎಡವಿದ ಪ್ರತಿವಾದಿಗಾಗಿ ಒಂದು ಹೆಜ್ಜೆ ಹಿಂದಿರುಗಿದ್ದು ನನಗೆ ನೆನಪಾಗಲಿಲ್ಲ.

ಮರುದಿನ ನಿಷೇಧದ ಬದಲು ಸಮಯದ ಮಿತಿಯನ್ನು ಸೂಚಿಸಿದೆ. ಪಾಲಕರು ಗೊಣಗಿದರು, ನಿರ್ಣಯ ಮುಂದಿನ ಸಭೆಗೆ ಹೋಗಿದೆ. ನಿಮ್ಮೂರಿನಲ್ಲೂ ಇಂಥ ಸಭೆ ಸೇರಿದರೆ, ದಯವಿಟ್ಟು ಆಡುವ ಹುಡುಗಿಯರನ್ನೂ ಕರೆದು ಕೂರಿಸಿ, ಅವರ ಮಾತು ಕೇಳಿ.